ನಿಲ್ಲದ ಕಾರು

ಹೊಲದ ನಡುವಿನ ರಸ್ತೆಯ ಬದಿಯಲ್ಲಿ, ಜಾಲಿಯ ಪೊದೆಯೊಳಗೆ, ಒಂದು ಗೌಜಲು ಹಕ್ಕಿ ಮತ್ತು ಒಂದು ಮೊಲ ಬೆಳಗಿನಿಂದ ಅಡಗಿ ಕೂತಿದ್ದವು. ಎದುರಿನ ಬಯಲಲ್ಲಿ ಜೋಳದ ಕಾಳು ಉದುರಿತ್ತು. ಪೊದೆಯೊಳಗಿಂದ ಆಕಾಶ ಮಾತ್ರ ಕಾಣುತ್ತಿರಲಿಲ್ಲ.

"ಮೇಲೆ ಗಿಡುಗ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?" ಎಂದು ಮೊಲ ಕೇಳಿತು.

"ಶಾಲೆಯ ವೀರೇಶ ಮೇಷ್ಟ್ರು ಮತ್ತು ಅವರ ಹೆಂಡತಿ ಪ್ರತಿ ಭಾನುವಾರ ಹದ್ದು, ಗಿಡುಗಗಳನ್ನು ನೋಡಲೆಂದೇ ಕಾರಿನಲ್ಲಿ ಈ ದಾರಿಗೆ ಬರುತ್ತಾರೆ," ಎಂದಿತು ಗೌಜಲು. "ಗಿಡುಗ ಕಂಡರೆ ಕಾರು ನಿಲ್ಲುತ್ತದೆ, ದುರ್ಬೀನು ಹೊರಗೆ ಬರುತ್ತದೆ. ನಿಲ್ಲದೆ ಹೋದರೆ ಗಿಡುಗ ಇಲ್ಲವೆಂದೇ ಅರ್ಥ."

"ಅವರು ನೋಡುವುದು ನಮಗಾಗಿ ಅಲ್ಲವಲ್ಲ."

"ಯಾರಿಗಾಗಿ ನೋಡಿದರೇನು, ಕಣ್ಣಂತೂ ಚುರುಕು."

ಅಷ್ಟರಲ್ಲಿ ಕಾರು ಬಂತು. ಒಳಗೆ ಮೇಷ್ಟ್ರು, "ಸುಮಂಗಲಾ, ಕಂಬದ ಮ್ಯಾಲೆ ನೋಡು," ಎಂದರು.

ಹೆಂಡತಿ ಕಂಡ ಹಕ್ಕಿಗಳ ಹೆಸರು ಬರೆದಿಡುವ ಪುಸ್ತಕದಿಂದ ತಲೆಯೆತ್ತಿ ನೋಡಿದರು. "ಅದ ಗಿಡುಗ ರೀ. ಹ್ವಾದ ವಾರಾನೇ ಹೆಸರು ಬರಕೊಂಡೀವಲ್ಲ. ನಡೀರಿ."

ಪೊದೆಯೊಳಗೆ ಈ ಮಾತು ಕೇಳಿಸಲಿಲ್ಲ. ಕಾರು ನಿಲ್ಲದೆ ಹೋದದ್ದಷ್ಟೇ ಕಂಡಿತು. ಮೊಲ ಕೂತಲ್ಲೇ ಕೂತಿತು. ಗೌಜಲು ಎದೆಯುಬ್ಬಿಸಿಕೊಂಡು ಬಯಲಿಗೆ ನಡೆದು ಮೊದಲ ಕಾಳಿಗೆ ಕೊಕ್ಕು ಹಾಕಿತು. ಕಾಳಿನ ಮೇಲೆ ನೆರಳು ಬಿತ್ತು.

ಉಗುರುಗಳ ನಡುವೆ ಸಿಕ್ಕಿಬಿದ್ದ ಗೌಜಲು ಕ್ಷೀಣವಾಗಿ ಹೇಳಿತು: "ಆದರೆ ಕಾರು ನಿಲ್ಲಲಿಲ್ಲ."

"ಅವರು ನನ್ನನ್ನು ಹೋದ ವಾರವೇ ನೋಡಿದ್ದರು," ಎಂದಿತು ಗಿಡುಗ. "ನೀನು ಇವತ್ತು ನೋಡುತ್ತಿದ್ದೀಯೆ."