ಕೋಗಿಲೆಯ ಉಸ್ತುವಾರಿ

ಭಗವಂತನ ದಯೆಯಿಂದ ಬೆಳವಕ್ಕಿಗೆ ಮೊಟ್ಟೆಯಿಡುವ ಹೊತ್ತು ಬಂದಿತ್ತು, ಆದರೆ ಗೂಡಿರಲಿಲ್ಲ. ಹುಟ್ಟಿದಾಗಿನಿಂದ ಒಂದು ಗೂಡನ್ನೂ ಕಟ್ಟದ ಕೋಗಿಲೆ, “ನಾನೇ ಮೇಸ್ತ್ರಿ, ಚಿಂತೆ ಬಿಡಮ್ಮಾ” ಎಂದು ನಿಪುಣರನ್ನು ಕರೆಸಿತು. ಗೀಜಗ ಹುಲ್ಲು ನೇಯ್ದು ಗೂಡು ತೂಗುಹಾಕಿತು. ದರ್ಜಿಹಕ್ಕಿ ಬಾಗಿಲನ್ನೂ ಬಿಡದೆ ಕಂಡ ತೂತನ್ನೆಲ್ಲ ಹೊಲಿಯಿತು. ಮರಕುಟಿಗ ಕುಟ್ಟಿ ನೋಡಿ, “ಎಲ್ಲೂ ಸಂದಿಲ್ಲ, ಭದ್ರ” ಎಂದಿತು.

“ನಾನು ಒಳಗೆ ಹೋಗುವುದೆಲ್ಲಿಂದ, ಅಣ್ಣಂದಿರಾ?” ಬೆಳವಕ್ಕಿ ನೋವು ತಡೆಯುತ್ತ ಕೇಳಿತು.

“ನನ್ನದು ನೇಯ್ಗೆ” ಎಂದಿತು ಗೀಜಗ. “ನನ್ನದು ಹೊಲಿಗೆ” ಎಂದಿತು ದರ್ಜಿಹಕ್ಕಿ. “ನನ್ನದು ತಪಾಸಣೆ” ಎಂದಿತು ಮರಕುಟಿಗ.

“ಅವರವರ ಕೆಲಸ ಚೊಕ್ಕಟವಾಗಿ ಮಾಡಿದ್ದಾರಲ್ಲ ತಾಯಿ, ಇನ್ನೇನು ತಕರಾರು?” ಎಂದಿತು ಕೋಗಿಲೆ.

ಬೆಳವಕ್ಕಿ ದೇವರನ್ನು ನೆನೆದು, ಕೊಂಬೆಯ ಕವಲಿನಲ್ಲಿ ತಾನೇ ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟು ಮೊಟ್ಟೆಯಿಟ್ಟಿತು. ಕೂಡಲೇ ಕೋಗಿಲೆ ಮರದ ತುದಿಗೇರಿ, “ನಮ್ಮ ಉಸ್ತುವಾರಿಯಲ್ಲಿ ಇನ್ನೊಂದು ಗೂಡಾಯಿತು!” ಎಂದು ಕಾಡಿಗೆಲ್ಲ ಸಾರಿತು. ಅದಕ್ಕೆ ಅಷ್ಟು ಇಂಪಾದ ದನಿಯನ್ನು ಯಾಕೆ ಕೊಟ್ಟನೋ, ಆ ಶಿವನಿಗೇ ಗೊತ್ತು.