ಹುಳಿ ಕುಡಿದ ಮಣ್ಣು

"ಉಸ್ತಾದರೇ, ನಾನು ಮನೆಯಳಿಯನಾಗಿ ಹೋಗಲೇ?" ಎಂದು ನನ್ನ ಗರಡಿಯ ಶಿಷ್ಯನೊಬ್ಬ ಕೇಳಿದ. "ಅತ್ತೆಯ ಬಾಯಿ ಬಲು ಕೆಟ್ಟದ್ದಂತೆ. ಆದರೆ ನನಗೇನು? ಇಷ್ಟು ವರ್ಷ ನಿಮ್ಮ ಬೈಗುಳ ತಿಂದಿದ್ದೇನೆ. ಒಂದು ದಿನವಾದರೂ ಮುಖ ಹುಳ್ಳಗೆ ಮಾಡಿಕೊಂಡಿದ್ದೇನೆಯೇ?"

ಗಂಟು ಕಟ್ಟಿಕೊಂಡೇ ಬಂದಿದ್ದ. ಅವನನ್ನು ಕೂರಿಸಿ ಈ ಕತೆ ಹೇಳಿದೆ.

ಒಬ್ಬ ವ್ಯಾಪಾರಿ ಇದ್ದ. ಕಡಲೆ ಗಿಡಗಳ ಮೇಲೆ ಬಟ್ಟೆ ಹಾಸಿ, ಇಬ್ಬನಿಯೊಂದಿಗೆ ಇಳಿದ ಹುಳಿಯನ್ನು ಹಿಂಡಿ ಮಾರುತ್ತಿದ್ದ. ಅದರ ವಾಸನೆಗೇ ಮೇಲೆ ಹಾರುವ ಕಾಗೆಗಳ ಹಲ್ಲು ಜುಮ್ಮೆನ್ನುತ್ತಿತ್ತು. ಕಾಗೆಗೆ ಹಲ್ಲೆಲ್ಲಿ ಎನ್ನಬೇಡ. ಆ ಹುಳಿಗೇ ಉದುರಿದವು.

ಒಬ್ಬ ರೈತನಿದ್ದ. ಅವನ ಬಾವಿಯ ನೀರು ಬಲು ಸಿಹಿ. ನಾನೇ ಒಂದೇ ಉಸಿರಿಗೆ ಅರ್ಧ ಬಾವಿ ಕುಡಿದವನು, ಸುಳ್ಳೇಕೆ ಹೇಳಲಿ?

"ನನ್ನ ಒಂದು ಕೊಡ ಹುಳಿ ಸಾಕು, ನಿನ್ನ ಬಾವಿ ಕೆಡುತ್ತದೆ" ಎಂದ ವ್ಯಾಪಾರಿ.

"ನನ್ನ ಮಣ್ಣು ದಾಟಿ ಹೋದರೆ ತಾನೇ! ಬಾವಿಯ ಸುತ್ತ ಸುರಿದು ನೋಡು. ನೀರು ಹುಳಿಯಾದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ. ಆಗದಿದ್ದರೆ ನಿನ್ನದು" ಎಂದ ರೈತ.

ವ್ಯಾಪಾರಿ ಸುರಿದ. ಆ ಮಣ್ಣಿನ ತುಂಬ ಸುಣ್ಣದ ಹರಳು. ಬುಸ್ಸೆಂದು ನೊರೆ ಎದ್ದಿತು, ಇಂಗಿತು. ಬಾವಿಯ ನೀರು ಸಿಹಿಯಾಗಿಯೇ ಇತ್ತು. ಬಂಡಿ ತುಂಬ ಕೊಡ ತಂದು ದಿನವೂ ಸುರಿದ. ಆಗಲೂ ಸಿಹಿ. ಕೊನೆಗೆ ಊರವರು ಕ್ಷೌರಿಕನನ್ನು ಕರೆಸಿದರು. ವ್ಯಾಪಾರಿಯ ಒಂದು ಕಡೆಯ ಮೀಸೆ ಹೋಯಿತು.

ರೈತ ಅಷ್ಟಕ್ಕೇ ಸುಮ್ಮನಿರಬಾರದೇ? "ತಾಳಪ್ಪ! ಬಂಡಿಯಲ್ಲಿ ಇನ್ನೊಂದು ಕೊಡ ಇದೆಯಲ್ಲ? ಅದನ್ನೂ ಸುರಿಯೋ! ನನ್ನ ಮಣ್ಣಿಗೆ ಇದು ಬರೀ ಮಜ್ಜಿಗೆ!"

ವ್ಯಾಪಾರಿ ಸುರಿದ. ಈ ಸಲ ನೊರೆ ಏಳಲಿಲ್ಲ. ರೈತ ಅದನ್ನು ನೋಡಲೂ ಇಲ್ಲ. ನೀರು ಸೇದಿ, ಎಲ್ಲರ ಎದುರು ಗಟಗಟ ಕುಡಿದ. ಮುಖ ಹೇಗೆ ಹಿಂಡಿಕೊಂಡಿತೆಂದರೆ, ಅವನ ಎರಡು ಕಿವಿಗಳು ಮೂಗಿನ ಮುಂದೆ ಬಂದು ಭೇಟಿಯಾದವು. ಸ್ವಂತ ನಾಯಿಯೇ ಅವನನ್ನು ಕಂಡು ಬೊಗಳಿತು.

"ಇಷ್ಟು ದಿನ ಕುಡಿದ ಮಣ್ಣಿಗೆ ಇವತ್ತೇನು ಬಂತು ರೋಗ?" ಎಂದು ಅರಚಿದ.

"ಅದು ತನ್ನ ಸುಣ್ಣ ಕರಗಿಸಿ ಹುಳಿ ಕುಡಿಯುತ್ತಿತ್ತು ಗೌಡ, ಸುಣ್ಣ ತೀರಿತು" ಎಂದ ವ್ಯಾಪಾರಿ, ಉಳಿದ ಅರ್ಧ ಮೀಸೆ ತಿರುವುತ್ತ. ಕ್ಷೌರಿಕ ಅವನನ್ನು ಬಿಟ್ಟು ರೈತನ ಮುಂದೆ ಬಂದು ಕುಳಿತ.

ಶಿಷ್ಯ ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ಎದ್ದು ಗಂಟು ಹೆಗಲಿಗೇರಿಸಿದ.

"ನಿನ್ನ ಸುಣ್ಣವನ್ನೆಲ್ಲ ನಾನೇ ತೀರಿಸಿದ್ದೇನಲ್ಲೋ," ಎಂದೆ, "ಅತ್ತೆಗೆ ಏನು ಉಳಿಸಿಕೊಂಡು ಹೊರಟೆ?"

ಅವನು ಗಂಟು ಕೆಳಗಿಟ್ಟ.