ಎರಡು ಚೊಂಬಿನ ಕೊಡ

“ಗುರುಗಳೇ, ಎಂಟು ವರ್ಷದ ಮಗ ಸತ್ತಾಗ ಅಳದ ತಾಯಿ ಮಣ್ಣಿನ ಕೊಡ ಒಡೆದಾಗ ಎದೆ ಬಡಿದುಕೊಂಡು ಅತ್ತರೆ, ಅದನ್ನು ಏನೆನ್ನಬೇಕು?” ಎಂದು ಶಿಷ್ಯ ಸಂಗಯ್ಯ ಕೇಳಿದ.

ಮಠದಲ್ಲಿ ಮಾತಿಗೆ ಸಂಗಯ್ಯನೇ ಮುಂದು. ಸಾವಿನ ಮನೆಗೆ ಸಮಾಧಾನ ಹೇಳಲು ಯಾರನ್ನು ಕಳಿಸುವುದೆಂದಾಗ, “ನಾನಿರುವಾಗ ಬೇರೆಯವರೇಕೆ?” ಎಂದು ಹೊರಟವನು ಅವನೇ. ಈಗ ಬೆವರುತ್ತಾ ಹಿಂದಿರುಗಿದ್ದ.

“ಏನಾಯಿತು, ಹೇಳು” ಎಂದರು ಗುರುಗಳು.

“ನಾನು ಜಗುಲಿಯ ಮೇಲೆ ಕೂತು ಒಳ್ಳೆಯ ನಾಲ್ಕು ಮಾತು ಹೇಳುತ್ತಿದ್ದೆ. ಆಕೆ ಕಲ್ಲಿನ ಹಾಗೆ ಕೇಳುತ್ತಿದ್ದಳು. ಅಷ್ಟರಲ್ಲಿ ಬೆಕ್ಕು ಹಾರಿ ಒಂದು ಕೊಡ ಉರುಳಿಸಿತು. ದೊಡ್ಡದೂ ಅಲ್ಲ, ಎರಡು ಚೊಂಬು ನೀರು ಹಿಡಿದರೆ ಹೆಚ್ಚು. ಆಕೆ ಚೂರುಗಳನ್ನು ಮಡಿಲಿಗೆ ತುಂಬಿಕೊಂಡು ಗೋಳಾಡಿಬಿಟ್ಟಳು! ನನಗೆ ರೇಗಿತು. ‘ಮಗನಿಗೆ ಬಾರದ ಕಣ್ಣೀರು ಮಡಕೆ ಚೂರಿಗೆ ಬಂತೇನಮ್ಮಾ? ಇಂಥ ಹತ್ತು ಕೊಡ ನಾನೇ ತಂದು ಹಾಕುತ್ತೇನೆ’ ಎಂದೆ. ಆಕೆ ನನ್ನ ಮುಖಕ್ಕೇ ಬಾಗಿಲು ಹಾಕಿದಳು.”

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೊಬ್ಬಳು ಮಗಳು. ಏಳು ವರ್ಷದ ಹುಡುಗಿ ಮೂರೇ ದಿನದ ಜ್ವರಕ್ಕೆ ತೀರಿಕೊಂಡಳು. ನೇಕಾರ ಅಳಲಿಲ್ಲ. ಮಣ್ಣು ಕೊಟ್ಟು ಬಂದು ಕೈಕಾಲು ತೊಳೆದುಕೊಂಡ. ಮರುದಿನ ಇಲಿ ಮಗ್ಗದ ಹುರಿ ಕಡಿದಿತ್ತು. ಬೇರೆ ಹುರಿ ಕಟ್ಟಿದ. ಅದರ ಮರುದಿನ ಒಲೆಯ ಮೇಲಿಟ್ಟ ಗಂಜಿ ತಳ ಹತ್ತಿ ಕರಕಾಯಿತು. ಚೆಲ್ಲಿ ಬೇರೆ ಕಾಯಿಸಿದ. ಗಟ್ಟಿ ಮನುಷ್ಯ ಎಂದು ಓಣಿಯವರು ಹೊಗಳಿದರು.

ಒಂಬತ್ತನೆಯ ದಿನ ಅವನು ನೂಲಿಗೆ ಗಂಜಿ ಹಾಕಲು ಹೊರಟ. ಓಣಿಯ ಉದ್ದಕ್ಕೂ ಎಳೆಗಳನ್ನು ಬಿಗಿದು, ಗಂಜಿ ಸವರಿ, ಕುಂಚದಿಂದ ತಿಕ್ಕುತ್ತಾ ಹೋಗುವ ಕೆಲಸ ಅದು. ಗಂಜಿ ಒಣಗುವ ತನಕ ಕೈ ನಿಲ್ಲಿಸುವಂತಿಲ್ಲ, ತಲೆ ಎತ್ತುವಂತಿಲ್ಲ. ನಿಲ್ಲಿಸಿದರೆ ಎಳೆಗೆ ಎಳೆ ಅಂಟಿ ಹಗ್ಗವಾಗುತ್ತದೆ.

ಅರ್ಧ ಕೆಲಸವಾಗಿತ್ತು. ನೆರೆಯವನ ಎಮ್ಮೆ ನೀರು ಕುಡಿಯಲು ಹೊರಟದ್ದು ನೂಲಿನ ನಡುವೆಯೇ ನುಗ್ಗಿತು. ನೂರಾರು ಎಳೆಗಳು ಪಟಪಟನೆ ಹರಿದವು. ನೇಕಾರ ಕುಂಚ ಬಿಟ್ಟು ಮಣ್ಣಿನಲ್ಲಿ ಕುಸಿದ. ಓಣಿಯ ಬಾಗಿಲುಗಳೆಲ್ಲ ತೆರೆಯುವ ಹಾಗೆ ಕೂಗಿ ಅತ್ತ. ಜನ ದಂಗಾಗಿ ನಿಂತರು.

ಎಮ್ಮೆಯ ಒಡೆಯ ಓಡಿಬಂದ. “ಥೂ! ಮಗಳನ್ನು ಹೂಳುವಾಗ ಒಂದು ಹನಿ ಹಾಕಲಿಲ್ಲ, ನೂಲಿಗೆ ಹೀಗೆ ಬೊಬ್ಬೆ ಹೊಡೆಯುತ್ತೀಯಲ್ಲೋ! ನಿನ್ನ ಹೊಟ್ಟೆಯಲ್ಲಿರುವುದು ಕರುಳೋ, ಮಗ್ಗದ ಲಾಳಿಯೋ?”

ನೇಕಾರ ಓಣಿಯ ತುದಿಗೆ ಕೈ ತೋರಿಸಿದ. “ಅಲ್ಲಿ ಯಾರೂ ಇಲ್ಲ ಅಣ್ಣಾ.”

ನೆರೆಯವನು ತಿರುಗಿ ನೋಡಿದ. ಓಣಿಯ ತುದಿಯಲ್ಲೊಂದು ಕಲ್ಲು. ಕಲ್ಲಿಗೆ ಒರಗಿಸಿದ ಒಂದು ಸಣ್ಣ ಕೋಲು. ಎರಡು ವರ್ಷದಿಂದ, ಅಪ್ಪ ನೂಲು ಹಾಸಿದಾಗಲೆಲ್ಲ ಹುಡುಗಿ ಆ ಕೋಲು ಹಿಡಿದು ಆ ಕಲ್ಲಿನ ಮೇಲೆ ಕೂತು ದನ ಅಟ್ಟುತ್ತಿದ್ದಳು. “ನಿನ್ನ ಮಗಳು ನನ್ನ ಎಮ್ಮೆಗೆ ಹೊಡೆಯುತ್ತಾಳೆ” ಎಂದು ತಾನೇ ಎಷ್ಟೋ ಸಲ ಜಗಳಕ್ಕೆ ಬಂದದ್ದು ಅವನಿಗೆ ನೆನಪಾಯಿತು. ಎಮ್ಮೆಯನ್ನು ಹೊಡೆದುಕೊಂಡು ಹೋಗಿ ಕಟ್ಟಿಹಾಕಿದ. ಬಂದು ನೇಕಾರನ ಎದುರು ಕೂತು, ಕೆಲಸ ಬಾರದ ಕೈಯಲ್ಲಿ ಹರಿದ ಎಳೆಗಳಿಗೆ ಒಂದೊಂದಾಗಿ ಗಂಟು ಹಾಕತೊಡಗಿದ.

ಗುರುಗಳು ಕತೆ ನಿಲ್ಲಿಸಿದರು.

ಸಂಗಯ್ಯನಿಗೆ ಸಮಾಧಾನವಾಗಲಿಲ್ಲ. “ನೇಕಾರ ಅತ್ತದ್ದು ಸರಿಯೇ, ಗುರುಗಳೇ. ಆ ಓಣಿಯಲ್ಲಿ ನಾನಿದ್ದಿದ್ದರೆ ಕಲ್ಲು ನೋಡಿದ ಕೂಡಲೇ ತಿಳಿದುಕೊಳ್ಳುತ್ತಿದ್ದೆ. ಆದರೆ ನಾನು ಕೇಳಿದ್ದು ಕೊಡದ ಮಾತು.”

ಗುರುಗಳು ಅವನನ್ನೇ ನೋಡಿದರು.

“ಎರಡೇ ಚೊಂಬು ನೀರು ಹಿಡಿಯುವ ಕೊಡವನ್ನು ಆ ಮನೆಯಲ್ಲಿ ಯಾರು ಹೊರುತ್ತಿದ್ದರು, ಸಂಗಯ್ಯಾ?”